ಕರೆಸಿಕೊಳ್ಳುವ ರಾಯಭಾರ: ಬಹಮನಿ ಕಲಬುರಗಿಯ ವಿದ್ವತ್ ವಿನಿಮಯ

ವಿದ್ಯಾರ್ಥಿವೇತನ, ಗ್ರಂಥಾಲಯ, ಕಲಾವಿದರ ತಂಡ, ಅತಿಥಿ ಪ್ರಾಧ್ಯಾಪಕ: ಇಂದಿನ ರಾಯಭಾರ ಕಚೇರಿಗಳಲ್ಲಿ ಇವನ್ನೆಲ್ಲ ನೋಡಿಕೊಳ್ಳುವುದು ಸಾರ್ವಜನಿಕ ವ್ಯವಹಾರ ವಿಭಾಗ. ಅಮೆರಿಕವು ಭಾರತದೊಡನೆ ಫುಲ್‌ಬ್ರೈಟ್ ಒಪ್ಪಂದ ಮಾಡಿಕೊಂಡದ್ದು 1950ರಲ್ಲಿ. ಅದೇ ವರ್ಷ ಮೌಲಾನಾ ಆಜಾದರ ಮುಂದಾಳುತನದಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಹುಟ್ಟಿತು. ಕಚೇರಿ ಹೊಸದು, ಕೆಲಸ ಹಳೆಯದು. ಕಲಬುರಗಿ ಹದಿನಾಲ್ಕನೆಯ ಶತಮಾನದ ನಡುವಿನಿಂದ ಸುಮಾರು ಮುಕ್ಕಾಲು ಶತಮಾನ ಬಹಮನಿಗಳ ರಾಜಧಾನಿಯಾಗಿದ್ದಾಗ, ಇದೇ ಕೆಲಸ ಇಲ್ಲಿ ತಿರುವುಮುರುವಾಗಿ ನಡೆಯುತ್ತಿತ್ತು. ಇಂದಿನ ಕಚೇರಿ ತನ್ನ ನಾಡಿನ ಸಂಸ್ಕೃತಿಯನ್ನು ಹೊರಗೆ ಒಯ್ಯುತ್ತದೆ. ಬಹಮನಿ ಆಸ್ಥಾನ ಹೊರಗಿನವರನ್ನು ಕರೆಸಿಕೊಳ್ಳುತ್ತಿತ್ತು.

ಎರಡನೆಯ ಮುಹಮ್ಮದ್ ಷಾ (1378–1397) ಷಿರಾಜಿನ ಕವಿ ಹಾಫಿಜನಿಗೆ ಕಳಿಸಿದ ಆಹ್ವಾನ ಇದಕ್ಕೆ ಹೆಸರಾಂತ ನಿದರ್ಶನ. ಆಹ್ವಾನದ ಹಿಂದಿದ್ದವನು ಮೀರ್ ಫಜಲುಲ್ಲಾ ಇಂಜೂ. ವಿದ್ವಾಂಸ, ಆಸ್ಥಾನದ ಅಧಿಕಾರಿ. ದಾರಿಖರ್ಚಿಗೆಂದು ಬಂದ ಹಣದಲ್ಲಿ ಕವಿ ಸಾಲ ತೀರಿಸಿದ, ಬಂಧುಗಳಿಗೂ ಕೊಟ್ಟ, ಹೇಗೋ ಹೊರ್ಮುಜ್ ಬಂದರು ಮುಟ್ಟಿ ದಖನಿನ ಹಡಗನ್ನೂ ಹತ್ತಿದ. ಬಿರುಗಾಳಿ ಎದ್ದಿತು. ಇಳಿದುಹೋದವನು ತನ್ನ ಬದಲು ಒಂದು ಗಜಲ್ ಕಳಿಸಿದ. ಸುಲ್ತಾನ ಸಿಟ್ಟಾಗಲಿಲ್ಲ, ಸಾವಿರ ಚಿನ್ನದ ಟಂಕಗಳ ಉಡುಗೊರೆ ಕಳಿಸಿದ. ಬಾರದ ಅತಿಥಿಗೂ ಸಂಭಾವನೆ ಕೊಡುವ ಕಚೇರಿ ಈಗ ಎಲ್ಲಿದೆ!

ಈ ಕತೆ ನಮಗೆ ಸಿಗುವುದು ಇತಿಹಾಸಕಾರ ಫಿರಿಷ್ತಾನಿಂದ. ಅವನು ಬರೆದದ್ದು ಎರಡು ಶತಮಾನಗಳ ನಂತರ, ಬಿಜಾಪುರದಲ್ಲಿ. ಕ್ಯಾಸ್ಪಿಯನ್ ಕಡಲ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿ ದಖನಿಗೆ ಬಂದವನಾದ್ದರಿಂದ, ಪರದೇಶಿ ವಿದ್ವಾಂಸರಿಗೆ ಮಣೆ ಹಾಕಿದ ಅರಸರೆಂದರೆ ಅವನಿಗೆ ಸಹಜವಾಗಿಯೇ ಒಲವು. ಅವನ ಮಾತನ್ನು ಹಾಗೆ ಅಳೆದೇ ತೆಗೆದುಕೊಳ್ಳಬೇಕು.

ಹಾಗೆ ಅಳೆದರೂ ತಾಜುದ್ದೀನ್ ಫಿರೋಜ್ ಷಾನ (1397–1422) ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ. ವಿದ್ವಾಂಸರನ್ನೂ ಅಪರೂಪದ ಸರಕನ್ನೂ ತರಲು ವರ್ಷವರ್ಷವೂ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗು ಬಿಡಿಸುತ್ತಿದ್ದನಂತೆ. ವಾರದಲ್ಲಿ ಮೂರು ದಿನ ತಾನೇ ಪಾಠ ಹೇಳುತ್ತಿದ್ದ. ದೌಲತಾಬಾದಿನ ಬಳಿ ಕಟ್ಟಿಸಹೊರಟ ವೀಕ್ಷಣಾಲಯ, ಅದರ ಹೊಣೆ ಹೊತ್ತ ಹಕೀಮ್ ಹಸನ್ ಗೀಲಾನಿ ತೀರಿಕೊಂಡು ಅರ್ಧಕ್ಕೇ ನಿಂತಿತು. ತೈಮೂರನಲ್ಲಿಗೂ ಫಿರೋಜ್ ರಾಯಭಾರಿಗಳನ್ನು ಕಳಿಸಿದ. ಆದರೆ ಅದರಿಂದ ಬೆದರಿದ ಮಾಳವ, ಗುಜರಾತಿನ ಅರಸರು ಒಳಗೊಳಗೇ ವಿಜಯನಗರದ ಕಡೆ ವಾಲಿದರೆಂದು ಫಿರಿಷ್ತಾ ಹೇಳುತ್ತಾನೆ. ಫಿರೋಜನ ಗೋರಿ ಕಲಬುರಗಿಯ ಹಫ್ತ್ ಗುಂಬಜಿನಲ್ಲಿದೆ.

ಅವನ ತಮ್ಮ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಸಾಗಿಸಿದ. ಅಹ್ಮದ್ ಷಾ ಕಿರ್ಮಾನಿನ ಸೂಫಿ ಷಾ ನಿಅಮತುಲ್ಲಾರನ್ನು ಕರೆಸಲು ನಿಯೋಗ ಕಳಿಸಿದ. ಅವರು ಬರಲಿಲ್ಲ, ಮೊಮ್ಮಗನನ್ನು ಕಳಿಸಿಕೊಟ್ಟರು. ಬೀದರಿನ ಹೊರಗೆ ಅಷ್ಟೂರಿನಲ್ಲಿರುವ ಸುಲ್ತಾನನ ಗೋರಿಯೊಳಗೆ ನಿಅಮತುಲ್ಲಾರ ಪಂಥದ ಪಾರಸಿ ಬರಹಗಳಿವೆ. ಅದೇ ಗೋರಿಯ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ, ಇಲ್ಲಿನ ಭಕ್ತರಿಗೆ ಅಹ್ಮದ್ ಷಾ ಎಂದರೆ ಅಲ್ಲಮಪ್ರಭು. ಯಾವ ನಿಯೋಗವೂ ಯೋಜಿಸದ ಈ ವಿನಿಮಯವೇ ಆಸ್ಥಾನದ ಎಲ್ಲ ಆಹ್ವಾನಗಳಿಗಿಂತ ಹೆಚ್ಚು ಬಾಳಿತು ಎಂದು ನನ್ನ ಎಣಿಕೆ.

ಕರೆಸಿಕೊಳ್ಳುವುದಕ್ಕೆ ಬೆಲೆಯೂ ಇತ್ತು. ಹೊಸದಾಗಿ ಬಂದ ಆಫಾಖಿಗಳಿಗೂ ಮೊದಲೇ ನೆಲೆಸಿದ್ದ ದಖನಿಗಳಿಗೂ ಹುದ್ದೆಗಳಿಗಾಗಿ ವೈರ ಬೆಳೆಯಿತು. ಗೀಲಾನಿನಿಂದ ಬಂದ ಮಂತ್ರಿ ಮಹಮೂದ್ ಗವಾನ್ ಎರಡೂ ಬಣಗಳನ್ನು ಸರಿದೂಗಿಸಲು ಹೆಣಗಿದ. 1472ರಲ್ಲಿ ಬೀದರಿನಲ್ಲಿ ಮೂರಂತಸ್ತಿನ ಮದರಸಾ ಕಟ್ಟಿಸಿದ. ಅಲ್ಲಿ 3,000 ಹಸ್ತಪ್ರತಿಗಳಿದ್ದವೆನ್ನುತ್ತಾರೆ. ಒಟ್ಟೊಮನ್ ಸುಲ್ತಾನ ಎರಡನೆಯ ಮೆಹ್ಮೆದನಿಗೂ ಹೆರಾತಿನ ಕವಿ ಜಾಮಿಗೂ ಅವನು ಬರೆದ ಪತ್ರಗಳು ‘ರಿಯಾಜುಲ್ ಇನ್ಷಾ’ ಸಂಗ್ರಹದಲ್ಲಿ ಉಳಿದಿವೆ. ಅವನ ಕೊರಳಿಗೆ ಉರುಳಾದದ್ದೂ ಒಂದು ಪತ್ರವೇ. ಅವನ ಮುದ್ರೆ ಬಿದ್ದಿದ್ದ ಖಾಲಿ ಕಾಗದದ ಮೇಲೆ ವೈರಿಗಳು ಒಡಿಶಾದ ಅರಸನಿಗೆ ದಂಡೆತ್ತಿ ಬರಲು ಆಹ್ವಾನ ಬರೆದರು. ಅದನ್ನು ನಂಬಿದ ಬಹಮನಿ ಸುಲ್ತಾನ 1481ರಲ್ಲಿ ಗವಾನನ ತಲೆ ತೆಗೆಸಿದ. ಗವಾನನ ಆಶ್ರಯದಲ್ಲಿ ಬೆಳೆದ ಯೂಸುಫ್ ಆದಿಲ್ ಖಾನ್ ದಶಕದೊಳಗೇ ಬಿಜಾಪುರದಲ್ಲಿ ಬೇರೆ ರಾಜ್ಯ ಕಟ್ಟಿದ. ಪಾರಸಿ ನಾಡಿನ ವಿದ್ವಾಂಸರು ಮುಂದೆ ಅಲ್ಲಿಯ ದಾರಿ ಹಿಡಿದರು.