ತಂಡದ ದುಡಿಮೆಯ ಅಧ್ಯಯನ: ಹಗ್ಗದಿಂದ ಆಪರೇಷನ್ ಥಿಯೇಟರ್‌ವರೆಗೆ

ತಂಡದ ದುಡಿಮೆಯನ್ನು ಅಳೆದು ನೋಡಿದ ಮೊದಲಿಗರಲ್ಲಿ ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಒಬ್ಬರು. ಹೊಲದ ಕೆಲಸಕ್ಕೆ ಎತ್ತು, ಯಂತ್ರ, ಮನುಷ್ಯ ಇವುಗಳಿಂದ ಎಷ್ಟೆಷ್ಟು ಬಲ ದೊರೆಯುತ್ತದೆ ಎಂಬುದು ಅವರ ಕುತೂಹಲವಾಗಿತ್ತು. 1880ರ ದಶಕದಲ್ಲಿ ಅವರು ಯುವಕರಿಂದ ಹಗ್ಗ ಎಳೆಸಿ ಬಲವನ್ನು ಅಳೆದರು. ಫಲಿತಾಂಶ ಅಚ್ಚಾದದ್ದು 1913ರಲ್ಲಿ. ಎಳೆಯುವವರು ಹೆಚ್ಚಿದಂತೆ ಒಟ್ಟು ಬಲ ಹೆಚ್ಚಿತು, ತಲಾ ಬಲ ಮಾತ್ರ ಇಳಿಯುತ್ತ ಹೋಯಿತು. ಎಂಟು ಜನ ಸೇರಿದಾಗ ಒಬ್ಬೊಬ್ಬರು ಹಾಕಿದ್ದು ಒಂಟಿಯಾಗಿ ಹಾಕುತ್ತಿದ್ದ ಬಲದ ಸುಮಾರು ಅರ್ಧದಷ್ಟನ್ನು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದೇ ಮುಖ್ಯ ಕಾರಣವೆಂದು ರಿಂಗಲ್‌ಮನ್ ಬಗೆದರು. ಆರು ದಶಕಗಳ ಬಳಿಕ, 1974ರಲ್ಲಿ, ಅಮೆರಿಕದ ಅಲನ್ ಇಂಗಮ್ ಮತ್ತು ಸಂಗಡಿಗರು ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಇತರರೂ ಎಳೆಯುತ್ತಿದ್ದಾರೆಂದು ನಂಬಿಸಿ, ಅವನೊಬ್ಬನಿಂದಲೇ ಎಳೆಸಿದರು. ಆಗಲೂ ಬಲ ಕುಗ್ಗಿತು. ಹೊಂದಾಣಿಕೆ ತಪ್ಪುವುದರ ಜೊತೆಗೆ, ಬೇರೆಯವರಿದ್ದಾರೆಂಬ ಭರವಸೆಯಲ್ಲಿ ಕೈ ಸಡಿಲವಾಗುವುದೂ ಉಂಟು ಎಂದಾಯಿತು. 1979ರಲ್ಲಿ ಬಿಬ್ ಲತಾನೆ ಮತ್ತು ಸಹೋದ್ಯೋಗಿಗಳು ಚಪ್ಪಾಳೆಯಲ್ಲೂ ಕೂಗಿನಲ್ಲೂ ಇದೇ ಮೈಗಳ್ಳತನವನ್ನು ಕಂಡರು. ಯಾರ ಪಾಲು ಎಷ್ಟೆಂದು ಗೊತ್ತಾಗುವಂತಿದ್ದರೆ ಅದು ಬಹುಮಟ್ಟಿಗೆ ಇಲ್ಲವಾಗುತ್ತದೆ ಎಂದು ಅವರ ಮುಂದಿನ ಪ್ರಯೋಗಗಳು ತೋರಿಸಿದವು.

ಇಪ್ಪತ್ತನೆಯ ಶತಮಾನದ ಆರಂಭದ ಕಾರ್ಖಾನೆಗಳಲ್ಲಿ ಗುಂಪೆಂದರೆ ಅನುಮಾನವಿತ್ತು. ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳು ಕೆಲಸವನ್ನು ಸಣ್ಣ ಸಣ್ಣ ಚೂರುಗಳಾಗಿಸಿ ಒಬ್ಬೊಬ್ಬ ಕಾರ್ಮಿಕನಿಗೆ ಹಂಚಬೇಕೆಂದವು. ಗುಂಪುಗೂಡಿದ ಕಾರ್ಮಿಕರು ಬೇಕೆಂದೇ ನಿಧಾನಿಸುತ್ತಾರೆ ಎಂಬುದು ಟೇಲರ್ ಅವರ ದೂರು. ಷಿಕಾಗೊ ಬಳಿಯ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳು ಈ ದೂರನ್ನು ಸುಳ್ಳೆನ್ನಲಿಲ್ಲ. ಅದರ ಒಳಗನ್ನು ತೆರೆದು ತೋರಿಸಿದವು. ಅಲ್ಲಿ ವೈರಿಂಗ್ ಕೆಲಸದ ಹದಿನಾಲ್ಕು ಗಂಡಸರನ್ನು ಪ್ರತ್ಯೇಕ ಕೊಠಡಿಯಲ್ಲಿ ತಿಂಗಳುಗಟ್ಟಲೆ ಗಮನಿಸಲಾಯಿತು. ದಿನಕ್ಕೆ ಎಷ್ಟು ಕೆಲಸ ನ್ಯಾಯ ಎಂಬುದನ್ನು ಅವರೇ ಒಳಗೊಳಗೆ ಗೊತ್ತುಮಾಡಿಕೊಂಡಿದ್ದರು. ಅದಕ್ಕಿಂತ ಹೆಚ್ಚು ಮಾಡಿದವನಿಗೂ ತೀರ ಕಡಿಮೆ ಮಾಡಿದವನಿಗೂ ಮೂದಲಿಕೆ, ಕೆಲವೊಮ್ಮೆ ತೋಳಿಗೊಂದು ಗುದ್ದು ಬೀಳುತ್ತಿತ್ತು. ಮೇಲಧಿಕಾರಿಗಳಿಗೆ ಚಾಡಿ ಹೇಳುವಂತಿರಲಿಲ್ಲ. ಬೆಳಕು, ಬಿಡುವು, ಕೂಲಿಗಳ ಬಗ್ಗೆ ಹಾಥಾರ್ನ್ ವರದಿಗಳು ಮಾಡಿದ ವಾದಗಳಲ್ಲಿ ಹಲವು ಮುಂದೆ ಕಟುವಿಮರ್ಶೆಗೆ ಗುರಿಯಾದವು. ಗುಂಪಿಗೆ ತನ್ನದೇ ಅಲಿಖಿತ ಕಟ್ಟಳೆ ಇರುತ್ತದೆ, ಕಂಪನಿಯ ಆಜ್ಞೆಗಿಂತ ಅದು ಗಟ್ಟಿ ಎಂಬ ಕಾಣ್ಕೆ ಮಾತ್ರ ಉಳಿಯಿತು.

ಗುಂಪನ್ನು ಒಂದು ಸ್ವತಂತ್ರ ಅಧ್ಯಯನವಿಷಯವಾಗಿ ನಿಲ್ಲಿಸಿದವರು ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಕರ್ಟ್ ಲೆವಿನ್. 1939ರಲ್ಲಿ ಅವರು ಲಿಪಿಟ್ ಮತ್ತು ವೈಟ್ ಜೊತೆ ಸೇರಿ, ಹುಡುಗರ ಹವ್ಯಾಸ ಕೂಟಗಳಲ್ಲಿ ಮುಂದಾಳು ನಡೆದುಕೊಳ್ಳುವ ರೀತಿಗೆ ತಕ್ಕಂತೆ ಕೂಟದ ಸ್ವಭಾವವೇ ಬದಲಾಗುವುದನ್ನು ತೋರಿಸಿದರು. 1945ರಲ್ಲಿ ಎಂಐಟಿಯಲ್ಲಿ ಅವರು ಸ್ಥಾಪಿಸಿದ ಸಮೂಹ ಚಲನಶೀಲತೆಯ ಸಂಶೋಧನಾ ಕೇಂದ್ರ, ಅವರು ತೀರಿಕೊಂಡ ಮೇಲೆ ಮಿಷಿಗನ್‌ಗೆ ಸ್ಥಳಾಂತರವಾಯಿತು. ಪಾತ್ರಗಳ ಹಂಚಿಕೆಯ ಚರ್ಚೆ ಶುರುವಾದದ್ದೂ ಇದೇ ಕಾಲದಲ್ಲಿ. 1948ರಲ್ಲಿ ಬೆನ್ ಮತ್ತು ಶೀಟ್ಸ್, ಕೆಲಸ ಮುಂದೆ ಸಾಗಿಸುವ ಪಾತ್ರಗಳು ಬೇರೆ, ಗುಂಪನ್ನು ಒಟ್ಟಿಗೆ ಹಿಡಿದಿಡುವ ಪಾತ್ರಗಳು ಬೇರೆ ಎಂದು ಪಟ್ಟಿ ಮಾಡಿದರು. ಹಾರ್ವರ್ಡ್‌ನ ರಾಬರ್ಟ್ ಬೇಲ್ಸ್ ಇದನ್ನು ಎಣಿಕೆಗೆ ತಂದರು. ಚರ್ಚೆಯೊಂದರಲ್ಲಿ ಆಡಿದ ಪ್ರತಿ ಮಾತನ್ನೂ ಹನ್ನೆರಡು ವರ್ಗಗಳಲ್ಲಿ ದಾಖಲಿಸಿದಾಗ, ಉಪಾಯ ಹೇಳುವುದರಲ್ಲಿ ಮುಂದಿರುವವರೂ ಎಲ್ಲರಿಗೆ ಇಷ್ಟವಾಗುವವರೂ ಬೇರೆಬೇರೆಯಾಗುವ ಪ್ರವೃತ್ತಿ ಅವರಿಗೆ ಕಂಡಿತು. ಒಬ್ಬನೇ ನಾಯಕ ಎಲ್ಲವನ್ನೂ ನಿಭಾಯಿಸಬೇಕೆಂಬ ನಿರೀಕ್ಷೆಯೇ ತಪ್ಪಿರಬಹುದು ಎಂಬ ಸೂಚನೆ ಇದರಲ್ಲಿತ್ತು.

ಇವೆಲ್ಲ ಬಹುಪಾಲು ಪ್ರಯೋಗಶಾಲೆಯ, ಕೂಟಗಳ ಮಾತು. ದುಡಿಮೆಯ ಜಾಗಕ್ಕೇ ಇಳಿದು ನೋಡಿದವರು ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯವರು. ಎರಿಕ್ ಟ್ರಿಸ್ಟ್ ಮತ್ತು ತಾವೇ ಗಣಿ ಕಾರ್ಮಿಕರಾಗಿದ್ದ ಕೆನ್ ಬ್ಯಾಂಫರ್ತ್ 1951ರಲ್ಲಿ ಬ್ರಿಟಿಷ್ ಕಲ್ಲಿದ್ದಲು ಗಣಿಗಳ ಕುರಿತು ಬರೆದ ಲೇಖನ ಈ ಕ್ಷೇತ್ರದ ಅತ್ಯುತ್ತಮ ಬರಹಗಳಲ್ಲಿ ಒಂದು. ಹಳೆಯ ಪದ್ಧತಿಯಲ್ಲಿ ಇಬ್ಬರು ಮೂವರು ತಾವೇ ಜೊತೆಗಾರರನ್ನು ಆರಿಸಿಕೊಂಡು, ಕಡಿಯುವುದರಿಂದ ತುಂಬುವವರೆಗೆ ಇಡೀ ಕೆಲಸವನ್ನು ಮಾಡುತ್ತಿದ್ದರು. ಯಂತ್ರಗಳು ಬಂದ ಮೇಲೆ ನಲವತ್ತು ಐವತ್ತು ಜನರನ್ನು ಮೂರು ಪಾಳಿಗಳಿಗೆ ಹಂಚಿ, ಒಂದೊಂದು ಪಾಳಿಗೆ ಒಂದೊಂದು ಚೂರು ಕೆಲಸ ಕೊಡಲಾಯಿತು. ಹಿಂದಿನ ಪಾಳಿಯ ಅರೆಬರೆ ಕೆಲಸದ ಕಷ್ಟ ಮುಂದಿನ ಪಾಳಿಯ ತಲೆಗೆ ಬೀಳುತ್ತಿತ್ತು. ದೂಷಣೆ, ಗೈರುಹಾಜರಿ ಹೆಚ್ಚಿದವು. ಯಂತ್ರ ಸುಧಾರಿಸಿತ್ತು, ಯಂತ್ರದ ಸುತ್ತಲಿನ ಮನುಷ್ಯಸಂಬಂಧ ಮುರಿದಿತ್ತು. ತಂತ್ರಜ್ಞಾನವನ್ನೂ ಸಾಮಾಜಿಕ ವ್ಯವಸ್ಥೆಯನ್ನೂ ಒಟ್ಟಿಗೇ ರೂಪಿಸಬೇಕು ಎಂಬ ಸಿದ್ಧಾಂತ ಹುಟ್ಟಿದ್ದು ಇಲ್ಲಿ.

ಅದರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಭಾರತದಲ್ಲಿ. ಸಾರಾಭಾಯಿ ಕುಟುಂಬದ ಅಹಮದಾಬಾದಿನ ಕ್ಯಾಲಿಕೊ ಗಿರಣಿಗೆ ಸ್ವಯಂಚಾಲಿತ ಮಗ್ಗಗಳು ಬಂದಿದ್ದವು, ಉತ್ಪಾದನೆ ಮಾತ್ರ ನಿರೀಕ್ಷೆಯಂತೆ ಏರಿರಲಿಲ್ಲ. 1953ರಲ್ಲಿ ಟಾವಿಸ್ಟಾಕ್‌ನ ಎ. ಕೆ. ರೈಸ್ ಸಲಹೆಗಾರರಾಗಿ ಅಲ್ಲಿಗೆ ಬಂದಾಗ ಮಗ್ಗದ ಶೆಡ್‌ನಲ್ಲಿ ಕೆಲಸ ಹಲವು ತುಣುಕಾಗಿತ್ತು: ನೇಯುವವರು, ಮಗ್ಗದ ಬಾಬಿನ್ ಬ್ಯಾಟರಿ ತುಂಬುವವರು, ಹರಿದ ಎಳೆ ಕೂಡಿಸುವವರು, ಮಗ್ಗ ಸರಿಪಡಿಸುವ ಜಾಬರ್‌ಗಳು, ಎಣ್ಣೆ ಹಾಕುವವರು, ಬಾಬಿನ್ ಹೊರುವವರು, ಗುಡಿಸುವವರು. ಒಬ್ಬೊಬ್ಬರೂ ನೋಡಿಕೊಳ್ಳುವ ಮಗ್ಗಗಳ ಸಂಖ್ಯೆ ಬೇರೆಬೇರೆ. ಹೀಗಾಗಿ ಯಾವುದೇ ಒಂದು ಮಗ್ಗಕ್ಕೆ ಇಂಥವರ ತಂಡ ಹೊಣೆ ಎಂದು ಹೇಳುವಂತಿರಲಿಲ್ಲ. ಎಳೆ ತುಂಡಾದರೆ ಯಾರನ್ನು ಕರೆಯಬೇಕು, ಆತ ಆಗ ಎಲ್ಲಿರುತ್ತಾನೆ ಎಂಬುದೇ ಸಮಸ್ಯೆ. ಒಂದಿಷ್ಟು ಮಗ್ಗಗಳನ್ನು ಒಂದು ಸಣ್ಣ ತಂಡಕ್ಕೆ ಪೂರ್ತಿಯಾಗಿ ಒಪ್ಪಿಸಿದರೆ ಹೇಗೆ ಎಂಬ ಯೋಚನೆಯನ್ನು ರೈಸ್ ಮುಂದಿಟ್ಟರು. ಅದನ್ನು ಜಾರಿಗೆ ತರಲು ಆಡಳಿತ ಕಾಯಬೇಕಾಗಲಿಲ್ಲ. ಕಾರ್ಮಿಕರೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ತಂಡಗಳನ್ನು ಕಟ್ಟಿಕೊಂಡರು. ಆರಂಭದ ಏರಿಳಿತಗಳ ಬಳಿಕ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ರೈಸ್ ಅವರ ಪುಸ್ತಕ 1958ರಲ್ಲಿ ಬಂತು. 1970ರಲ್ಲಿ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ ಮತ್ತೆ ಅಲ್ಲಿಗೆ ಹೋಗಿ ನೋಡಿದಾಗ ಒಂದು ಶೆಡ್‌ನಲ್ಲಿ ತಂಡಪದ್ಧತಿ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು, ಉಳಿದೆಡೆ ಕಳಚಿಕೊಂಡಿತ್ತು. ತಂಡ ಕಟ್ಟುವುದಕ್ಕಿಂತ, ಮಾರುಕಟ್ಟೆಯ ಒತ್ತಡದ ನಡುವೆ ಅದನ್ನು ಉಳಿಸಿಕೊಳ್ಳುವುದು ಕಷ್ಟ ಎಂಬುದಕ್ಕೆ ಇಷ್ಟು ದೀರ್ಘ ಕಾಲದ ಸಾಕ್ಷ್ಯ ಬೇರೆ ಕಡೆ ಸಿಗುವುದು ಅಪರೂಪ. ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಹಾಥಾರ್ನ್‌ಗೆ ಸಿಗುವ ಜಾಗದ ಒಂದು ಪಾಲಾದರೂ ಅಹಮದಾಬಾದಿಗೆ ಸಿಗಬೇಕಿತ್ತು.

ತರಗತಿಗಳಲ್ಲಿ ಹೆಚ್ಚು ಹೆಸರಾದದ್ದು ಬ್ರೂಸ್ ಟಕ್‌ಮನ್ ಅವರ ಹಂತಗಳ ಮಾದರಿ. ಗುಂಪು ಮೊದಲು ಕೂಡುತ್ತದೆ, ಬಳಿಕ ಜಗಳಾಡುತ್ತದೆ, ಆಮೇಲೆ ಒಂದು ರೀತಿನೀತಿಗೆ ಬರುತ್ತದೆ, ಕೊನೆಗೆ ಕೆಲಸ ಮಾಡುತ್ತದೆ ಎಂದು ಅವರು 1965ರಲ್ಲಿ ಬರೆದರು; 1977ರಲ್ಲಿ ಮೇರಿ ಆ್ಯನ್ ಜೆನ್ಸನ್ ಜೊತೆಗೂಡಿ ವಿಸರ್ಜನೆಯ ಹಂತವನ್ನು ಸೇರಿಸಿದರು. ಇದು ಟಕ್‌ಮನ್ ತಾವೇ ಮಾಡಿದ ಪ್ರಯೋಗವಲ್ಲ, ಆಗಲೇ ಪ್ರಕಟವಾಗಿದ್ದ ಐವತ್ತು ಬರಹಗಳ ಸಮೀಕ್ಷೆ. ಅವುಗಳಲ್ಲಿ ಹೆಚ್ಚಿನವು ಮನೋಚಿಕಿತ್ಸೆಯ ಮತ್ತು ತರಬೇತಿಯ ಗುಂಪುಗಳನ್ನು ಕುರಿತವು. ಕಚೇರಿಯ ತಂಡಗಳಿಗೆ ಅದನ್ನು ನಿಯಮದಂತೆ ಹೊರಿಸಿದ್ದು ನಂತರದವರು. 1988ರಲ್ಲಿ ಕೋನಿ ಗರ್ಸಿಕ್ ಎಂಟು ತಂಡಗಳನ್ನು ಆರಂಭದಿಂದ ಅಂತ್ಯದವರೆಗೆ ಹಿಂಬಾಲಿಸಿದಾಗ ಅಂಥ ಮೆಟ್ಟಿಲುಗಳು ಕಾಣಲಿಲ್ಲ. ಮೊದಲ ಸಭೆಯಲ್ಲೇ ಒಂದು ಜಾಡು ಬೀಳುತ್ತಿತ್ತು; ಗಡುವಿಗೆ ಇರುವ ಕಾಲದ ಸರಿಸುಮಾರು ಅರ್ಧ ಕಳೆದಾಗ ತಂಡ ಒಮ್ಮೆಲೆ ಎಚ್ಚೆತ್ತು ಆ ಜಾಡನ್ನು ಬದಲಿಸುತ್ತಿತ್ತು. ಕೆಲಸದ ತಂಡಗಳ ಮಟ್ಟಿಗೆ ಟಕ್‌ಮನ್ ಮಾದರಿಗಿಂತ ಇದು ಹೆಚ್ಚು ಉಪಯುಕ್ತ: ಮೊದಲ ಸಭೆಗೆ ಎಷ್ಟು ಸಿದ್ಧತೆ ಬೇಕು, ನಡುವೆ ಯಾವಾಗ ನಿಂತು ನೋಡಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಪಾತ್ರಗಳ ವಿಷಯದಲ್ಲೂ ಹೀಗೆಯೇ ಆಯಿತು. ಇಂಗ್ಲೆಂಡಿನ ಹೆನ್ಲಿಯ ಆಡಳಿತ ಕಾಲೇಜಿನಲ್ಲಿ ವ್ಯವಹಾರದ ಆಟವಾಡುತ್ತಿದ್ದ ತಂಡಗಳನ್ನು ಗಮನಿಸಿದ ಮೆರೆಡಿತ್ ಬೆಲ್ಬಿನ್ 1981ರಲ್ಲಿ ಎಂಟು ಪಾತ್ರಗಳನ್ನು ಹೆಸರಿಸಿದರು, ಮುಂದೆ ಒಂಬತ್ತನೆಯದನ್ನು ಸೇರಿಸಿದರು. ಅತಿ ಬುದ್ಧಿವಂತರನ್ನೇ ಸೇರಿಸಿ ಕಟ್ಟಿದ ತಂಡಗಳು ವಾದದಲ್ಲೇ ಮುಳುಗಿ ಸೋಲುತ್ತಿದ್ದವು ಎಂಬ ಅವರ ವೀಕ್ಷಣೆ ಪ್ರಸಿದ್ಧ. ಆದರೆ ಅವರ ಪ್ರಶ್ನಾವಳಿಯ ಮಾಪನಗುಣವನ್ನು 1993ರಲ್ಲಿ ಏಡ್ರಿಯನ್ ಫರ್ನಮ್ ಮತ್ತು ಸಂಗಡಿಗರು ಬಲವಾಗಿ ಪ್ರಶ್ನಿಸಿದರು. ತಂಡದಲ್ಲಿ ಬೇರೆಬೇರೆ ಬಗೆಯ ಜನ ಬೇಕು ಎಂಬ ಮಾತಿಗೆ ಬೆಲೆಯಿದೆ. ಒಂದು ಪ್ರಶ್ನಾವಳಿ ಮನುಷ್ಯನಿಗೆ ಖಾಯಂ ಪಾತ್ರ ಹಚ್ಚಬಲ್ಲದು ಎಂಬುದಕ್ಕೆ ಅಷ್ಟು ಆಧಾರವಿಲ್ಲ.

1970ರ ದಶಕ ತಂಡಗಳ ಸೋಲನ್ನು ಲೆಕ್ಕ ಹಾಕಿದ ಕಾಲ. 1972ರಲ್ಲಿ ಐವನ್ ಸ್ಟೈನರ್, ತಂಡದ ಸಾಮರ್ಥ್ಯದಿಂದ ಹೊಂದಾಣಿಕೆಯಲ್ಲಿ ಸೋರಿಹೋಗುವುದನ್ನು ಕಳೆದರೆ ಉಳಿಯುವುದೇ ನಿಜವಾದ ಸಾಧನೆ ಎಂದರು. ಅದೇ ವರ್ಷ ಅರ್ವಿಂಗ್ ಜಾನಿಸ್, ಕ್ಯೂಬಾದ ವಿರುದ್ಧ ಅಮೆರಿಕ ಬೆಂಬಲಿಸಿದ 1961ರ ಬೇ ಆಫ್ ಪಿಗ್ಸ್ ದಾಳಿಯಂಥ ನಿರ್ಧಾರಗಳಲ್ಲಿ ಒಗ್ಗಟ್ಟೇ ಭಿನ್ನಮತವನ್ನು ನುಂಗಿದ್ದನ್ನು ವಿವರಿಸಿದರು. ಐಬಿಎಂನ ದೊಡ್ಡ ಸಾಫ್ಟ್‌ವೇರ್ ಯೋಜನೆಯನ್ನು ನಡೆಸಿದ್ದ ಫ್ರೆಡರಿಕ್ ಬ್ರೂಕ್ಸ್, ತಡವಾಗಿರುವ ಯೋಜನೆಗೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತೂ ತಡವಾಗುತ್ತದೆ ಎಂದು 1975ರಲ್ಲಿ ಬರೆದರು. ಇದಕ್ಕೆ ಒಂದು ಕಾರಣ ಮಾತುಕತೆಯ ಹೊರೆ: ಐದು ಜನರ ನಡುವೆ ಹತ್ತು ಜೋಡಿಸಂಬಂಧಗಳಾದರೆ, ಹತ್ತು ಜನರ ನಡುವೆ ನಲವತ್ತೈದು.

ಮುಂದಿನ ತಿರುವಿಗೆ ಕಾರಣವಾದದ್ದು ವಿಮಾನ ಅಪಘಾತಗಳು. 1977ರ ಮಾರ್ಚ್ 27ರಂದು ಟೆನೆರಿಫ್‌ನ ರನ್‌ವೇಯಲ್ಲಿ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ರನ್‌ವೇ ತೆರವಾಗಿದೆಯೇ ಎಂದು ಕೆಎಲ್‌ಎಂ ವಿಮಾನದ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಹಿರಿಯ ಕ್ಯಾಪ್ಟನ್ ಖಚಿತವಾಗಿ ಉತ್ತರಿಸಿದ ಮೇಲೆ ಮತ್ತೆ ಒತ್ತಾಯಿಸಲಿಲ್ಲ. 1978ರ ಡಿಸೆಂಬರ್‌ನಲ್ಲಿ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ವಿಮಾನವೊಂದು, ಚಕ್ರದ ತೊಂದರೆಯ ಕಡೆಗೇ ಎಲ್ಲರ ಗಮನ ಹೋಗಿದ್ದಾಗ, ಇಂಧನ ಮುಗಿದು ಬಿದ್ದು ಹತ್ತು ಜನ ಸತ್ತರು. 1979ರಲ್ಲಿ ನಾಸಾ ಈ ಬಗ್ಗೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಸಂಸ್ಥೆ ಕಾಕ್‌ಪಿಟ್‌ನಲ್ಲಿ ಒಬ್ಬರಿಗೊಬ್ಬರು ಮಾತಾಡುವ, ಕಿರಿಯರು ಎಚ್ಚರಿಸುವ, ಹಿರಿಯರು ಕೇಳಿಸಿಕೊಳ್ಳುವ ತರಬೇತಿ ಆರಂಭಿಸಿತು. ಎಂಟು ವರ್ಷಗಳ ಮೇಲೆ ಅದೇ ಸಂಸ್ಥೆಯ ವಿಮಾನವೊಂದು ನಿಯಂತ್ರಣ ವ್ಯವಸ್ಥೆಯೇ ನಾಶವಾದ ಸ್ಥಿತಿಯಲ್ಲಿ ಸೂ ಸಿಟಿಯಲ್ಲಿ ಇಳಿಯಿತು. ಪ್ರಯಾಣಿಕನಾಗಿ ಬಂದಿದ್ದ, ಪೈಲಟ್‌ಗಳಿಗೆ ತರಬೇತಿ ಕೊಡುವ ಪೈಲಟ್ ಒಬ್ಬರೂ ಕಾಕ್‌ಪಿಟ್ ಸೇರಿ ಥ್ರಾಟಲ್ ಹಿಡಿದಿದ್ದರು. 184 ಜನ ಬದುಕಿದರು. ಕ್ಯಾಪ್ಟನ್ ಆಲ್ ಹೇನ್ಸ್ ಅದರ ಶ್ರೇಯಸ್ಸನ್ನು ಈ ತರಬೇತಿಗೆ ಕೊಟ್ಟರು.

ತಂಡ ಹೊಸದಾಗಿರುವುದೇ ಅಪಾಯ ಎಂಬುದೂ ವಿಮಾನಗಳಿಂದಲೇ ತಿಳಿಯಿತು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಪರಿಶೀಲಿಸಿದ ಘಟನೆಗಳಲ್ಲಿ ಶೇ 73ರಷ್ಟು ಸಿಬ್ಬಂದಿ ಒಟ್ಟಿಗೆ ಹಾರಿದ ಮೊದಲ ದಿನ ನಡೆದಿದ್ದವು. ದಣಿದಿದ್ದರೂ ಒಟ್ಟಿಗೆ ಹಾರಿದ ಅನುಭವವಿದ್ದ ಸಿಬ್ಬಂದಿ, ವಿಶ್ರಾಂತಿ ಪಡೆದ ಅಪರಿಚಿತರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆಂದು ನಾಸಾದ 1986ರ ಅಧ್ಯಯನ ತೋರಿಸಿತ್ತು. ಹಾರ್ವರ್ಡ್‌ನ ರಿಚರ್ಡ್ ಹ್ಯಾಕ್‌ಮನ್ ಇಂಥ ಸಾಕ್ಷ್ಯಗಳನ್ನೂ ವಾದ್ಯವೃಂದಗಳ ಅಧ್ಯಯನವನ್ನೂ ಕೂಡಿಸಿ 2002ರಲ್ಲಿ ತಮ್ಮ ನಿಲುವನ್ನು ಪುಸ್ತಕವಾಗಿಸಿದರು. ಯಾರು ಒಳಗೆ, ಯಾರು ಹೊರಗೆ ಎಂಬ ಸ್ಪಷ್ಟತೆ, ಮನಸ್ಸನ್ನು ಸೆಳೆಯುವ ಗುರಿ, ತಕ್ಕ ರಚನೆ, ಸಂಸ್ಥೆಯ ಬೆಂಬಲ, ಸಮಯಕ್ಕೆ ಸಿಗುವ ಮಾರ್ಗದರ್ಶನ ಇವಿದ್ದರೆ ತಂಡ ಚೆನ್ನಾಗಿ ನಡೆಯುವ ಸಾಧ್ಯತೆ ಹೆಚ್ಚುತ್ತದೆ. ನಾಯಕನ ಕೆಲಸ ಈ ಸ್ಥಿತಿಯನ್ನು ಒದಗಿಸುವುದು, ಜನರನ್ನು ತಿದ್ದುವುದಲ್ಲ. ಈ ಕ್ಷೇತ್ರ ಕಂಡ ಅತ್ಯಂತ ಸಮತೂಕದ ವಾದ ಇದೇ.

ಹ್ಯಾಕ್‌ಮನ್ ಹೇಳಿದ್ದಕ್ಕೆ ಏಮಿ ಎಡ್ಮಂಡ್‌ಸನ್ ಒಂದು ಮುಖ್ಯ ಅಂಶ ಸೇರಿಸಿದರು. ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆ ತಂಡಗಳಲ್ಲಿ ತಪ್ಪು ಮುಚ್ಚಿಡಬೇಕಾದ ಭಯ ಕಡಿಮೆಯಿತ್ತು ಎಂಬುದು ಅವರು ಕಂಡುಕೊಂಡ ವಿವರಣೆ. 1999ರಲ್ಲಿ ಕಾರ್ಖಾನೆಯೊಂದರ 51 ತಂಡಗಳ ಅಧ್ಯಯನದಲ್ಲಿ, ಪ್ರಶ್ನೆ ಕೇಳಿದರೆ ಅವಮಾನವಾಗದು ಎಂಬ ನಂಬಿಕೆ ಇದ್ದ ತಂಡಗಳು ಹೆಚ್ಚು ಕಲಿಯುತ್ತವೆ ಎಂದು ತೋರಿಸಿದರು. ಗೂಗಲ್ ತನ್ನ 180 ತಂಡಗಳನ್ನು ಪರಿಶೀಲಿಸಿದಾಗಲೂ ಈ ಮಾನಸಿಕ ಸುರಕ್ಷತೆಯೇ ಮುಂದೆ ನಿಂತಿತು. 2010ರಲ್ಲಿ ಅನಿತಾ ವುಲಿ ಮತ್ತು ಸಹೋದ್ಯೋಗಿಗಳು 699 ಜನರನ್ನು ಸಣ್ಣ ಗುಂಪುಗಳಲ್ಲಿ ಪರೀಕ್ಷಿಸಿ, ಗುಂಪಿನ ಜಾಣತನಕ್ಕೂ ಸದಸ್ಯರ ಸರಾಸರಿ ಬುದ್ಧಿಮತ್ತೆಗೂ ನಂಟು ದುರ್ಬಲ, ಮಾತಿನ ಸರದಿ ಎಲ್ಲರಿಗೂ ಸಿಗುವುದರ ಜೊತೆ ನಂಟು ಹೆಚ್ಚು ಎಂದರು. ಈ ತೀರ್ಮಾನದ ಬಗ್ಗೆ ಚರ್ಚೆ ಇನ್ನೂ ನಿಂತಿಲ್ಲ.

ಆಪರೇಷನ್ ಥಿಯೇಟರ್‌ಗೆ ಈ ತಿಳಿವಳಿಕೆ ಬಂದದ್ದು ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಪರಿಶೀಲನಾ ಪಟ್ಟಿಯ ರೂಪದಲ್ಲಿ. ಕತ್ತರಿ ಹಾಕುವ ಮೊದಲು ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು ಎಂಬುದು ಅದರ ಒಂದು ಸಾಲು. ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೂ, ತೊಡಕುಗಳು ಶೇ 11ರಿಂದ 7ಕ್ಕೂ ಇಳಿದವು ಎಂದು 2009ರಲ್ಲಿ ವರದಿಯಾಯಿತು. ಕೆನಡಾದ ಒಂಟಾರಿಯೊ ಪ್ರಾಂತ್ಯ ಇದನ್ನು ನೂರೊಂದು ಆಸ್ಪತ್ರೆಗಳಲ್ಲಿ ಜಾರಿಗೆ ತಂದಾಗ ಗಣನೀಯ ಇಳಿಕೆ ಕಾಣಲಿಲ್ಲ ಎಂದು 2014ರಲ್ಲಿ ತಿಳಿಯಿತು. ಪಟ್ಟಿಗೆ ಟಿಕ್ ಹಾಕುವುದಕ್ಕೂ ಪಟ್ಟಿಯ ನೆಪದಲ್ಲಿ ನಿಜವಾಗಿ ಮಾತಾಡುವುದಕ್ಕೂ ಇರುವ ಅಂತರವೇ ಇದಕ್ಕೆ ಕಾರಣ ಎಂಬ ವಿವರಣೆ ನಂಬುವಂತಿದೆ.

ಈಗ ಗಮನ ಹೋಗಿರುವುದು ಒಂದೇ ಕೊಠಡಿಯಲ್ಲಿಲ್ಲದ ತಂಡಗಳ ಕಡೆಗೆ. ಅಮೆರಿಕದಲ್ಲಿರುವ 61,182 ಮೈಕ್ರೊಸಾಫ್ಟ್ ಉದ್ಯೋಗಿಗಳ ಸಂಪರ್ಕಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದಾಗ ತಂಡಗಳ ನಡುವಣ ಸೇತುವೆಗಳು ಕಡಿಮೆಯಾಗಿ, ಸಂಪರ್ಕ ತಂತಮ್ಮ ಗುಂಪಿನೊಳಗೇ ಗಟ್ಟಿಯಾಯಿತು. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಅರ್ಧ ತಂಡ ಇಲ್ಲಿ, ಅರ್ಧ ತಂಡ ಸಾಗರದಾಚೆ ಎಂಬ ದುಡಿಮೆ ಕೋವಿಡ್‌ಗಿಂತ ಬಹಳ ಮೊದಲೇ ರೂಢಿಯಾಗಿತ್ತು. ಆದರೂ ಈ ಕ್ಷೇತ್ರದ ಸಿದ್ಧಾಂತಗಳು ನಿಂತಿರುವುದು ಬಹುಪಾಲು ಅಮೆರಿಕ ಮತ್ತು ಯೂರೋಪಿನ ವಿದ್ಯಾರ್ಥಿಗಳು, ಉದ್ಯೋಗಿಗಳ ಮೇಲೆ. ಹಿರಿಯರ ಎದುರು ಮಾತಾಡಲು ಹಿಂಜರಿಯುವುದು ಸಂಸ್ಕಾರವೆನಿಸಿಕೊಳ್ಳುವ ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಮಾನಸಿಕ ಸುರಕ್ಷತೆ ಯಾವ ರೂಪ ತಾಳುತ್ತದೆ ಎಂಬುದನ್ನು ಇಲ್ಲಿಯೇ ನೋಡಿ ತಿಳಿಯಬೇಕು. ಕ್ಯಾಲಿಕೊ ಗಿರಣಿಯ ಅಧ್ಯಯನದಂತೆ ಶೆಡ್ಡಿಗೇ ಇಳಿದು, ವರ್ಷಗಳ ಬಳಿಕ ಮತ್ತೆ ಹೋಗಿ ನೋಡುವ ತಾಳ್ಮೆಯ ಸಂಶೋಧನೆಯನ್ನು ಇಲ್ಲಿನ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.