ಅಂಚೆಗೂ ವಹಿಗೂ ನಡುವಿನ ಗುಮಾಸ್ತ

ಇಮೇಲ್‌ನಲ್ಲಿ ಬಂದ ಮಾಹಿತಿಯನ್ನು ಡೇಟಾಬೇಸಿಗೆ ತಾನಾಗಿಯೇ ಸೇರಿಸುವ, ಡೇಟಾಬೇಸಿನಲ್ಲಾದ ಬದಲಾವಣೆಯನ್ನು ಇಮೇಲ್ ಮೂಲಕ ತಾನಾಗಿಯೇ ತಿಳಿಸುವ ಏರ್ಪಾಡಿಗೆ ಇಂದು ವರ್ಕ್‌ಫ್ಲೋ ಆಟೊಮೇಷನ್, ಅಂದರೆ ಕಾರ್ಯಸರಣಿಯ ಸ್ವಯಂಚಾಲನೆ, ಎಂಬ ಹೆಸರು ರೂಢಿಯಲ್ಲಿದೆ. ಹೆಸರು ಹೊಸದಾದರೂ ಕೆಲಸ ಹಳೆಯದು. ಸರ್ಕಾರಿ ಕಚೇರಿಯ ಟಪಾಲು ಗುಮಾಸ್ತನು ಬಂದ ಪತ್ರಕ್ಕೆ ತಾರೀಖಿನ ಮೊಹರು ಹಾಕಿ, ಆವಕ ವಹಿಯಲ್ಲಿ ಕ್ರಮಸಂಖ್ಯೆ ಕೊಟ್ಟು, ಸಂಬಂಧಪಟ್ಟ ಶಾಖೆಗೆ ದಾಟಿಸಿ, ಉತ್ತರ ಹೊರಟ ದಿನ ಜಾವಕ ವಹಿಯಲ್ಲಿ ಅದನ್ನು ಕಾಣಿಸುತ್ತಿದ್ದುದು ಇದೇ ಕೆಲಸವೇ. ಗಣಕಯಂತ್ರಗಳ ಲೋಕದಲ್ಲಿ ಮಾತ್ರ ಅಂಚೆಯನ್ನು ಕಟ್ಟಿದವರು ಒಬ್ಬರು, ವಹಿಯನ್ನು ಕಟ್ಟಿದವರು ಇನ್ನೊಬ್ಬರು ಆದ್ದರಿಂದ, ನಡುವೆ ಕೂರಬೇಕಾದ ಗುಮಾಸ್ತನ ಕುರ್ಚಿ ಬಹುಕಾಲ ಖಾಲಿ ಉಳಿಯಿತು. ಆ ಕುರ್ಚಿಗೆ ಒಂದೊಂದು ಕಾಲದಲ್ಲಿ ಯಾವ ಯಾವ ತಂತ್ರಾಂಶವನ್ನು ತಂದು ಕೂರಿಸಲಾಯಿತು ಎಂಬುದೇ ಈ ಕಸುಬಿನ ಇತಿಹಾಸ.

ಇಂದಿನ ರೂಪದ ಅಂಚೆಯೂ ವಹಿಯೂ ಹುಟ್ಟಿದ್ದು ಒಂದೇ ವರ್ಷದ ಅಂತರದಲ್ಲಿ. 1970ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಶೋಧನಾಲಯದ ಎಡ್ಗರ್ ಕಾಡ್, ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಇಡಬಹುದೆಂದೂ, ಅದು ಯಂತ್ರದೊಳಗೆ ಹೇಗೆ ಅಡಕವಾಗಿದೆ ಎಂಬುದನ್ನು ಕೇಳುವವನು ತಿಳಿಯಬೇಕಾಗಿಲ್ಲವೆಂದೂ ವಾದಿಸುವ ಪ್ರಬಂಧವನ್ನು ಪ್ರಕಟಿಸಿದನು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ರೂಪಿಸಿದರು, ಅದೇ ಮುಂದೆ ಎಸ್‌ಕ್ಯೂಎಲ್ ಆಯಿತು. 1971ರಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಬಿಬಿಎನ್ ಸಂಸ್ಥೆಯ ರೇ ಟಾಮ್ಲಿನ್ಸನ್, ಒಂದೇ ಯಂತ್ರದ ಬಳಕೆದಾರರ ನಡುವೆ ಟಿಪ್ಪಣಿ ಇಡುವ ತಂತ್ರಾಂಶಕ್ಕೆ ಕಡತ ಸಾಗಿಸುವ ಇನ್ನೊಂದು ತಂತ್ರಾಂಶವನ್ನು ಬೆಸೆದು, ಬಳಕೆದಾರನ ಹೆಸರಿಗೂ ಯಂತ್ರದ ಹೆಸರಿಗೂ ನಡುವೆ @ ಚಿಹ್ನೆಯನ್ನಿಟ್ಟು, ಜಾಲದ ಮೂಲಕ ಪತ್ರ ಕಳುಹಿಸಿದನು. ಮೊದಲ ಪತ್ರಗಳಲ್ಲಿ ಏನು ಬರೆದಿದ್ದನೆಂಬುದು ತನಗೇ ಮರೆತುಹೋಗಿದೆಯೆಂದು ಆತ ಮುಂದೆ ಹೇಳಿದ್ದು ವಹಿಯಿಲ್ಲದ ಅಂಚೆಯ ಸ್ವಭಾವಕ್ಕೆ ತಕ್ಕ ಮಾತೇ ಸರಿ.

ಇವೆರಡರ ನಡುವಿನ ಅಂತರ ಭೂಗೋಳದ್ದಷ್ಟೇ ಆಗಿರಲಿಲ್ಲ. ಡೇಟಾಬೇಸಿನ ವಿದ್ವಾಂಸರು ಟ್ರಾನ್ಸಾಕ್ಷನ್ ಎಂಬ ಪರಿಕಲ್ಪನೆಯನ್ನು ಬೆಳೆಸಿದರು. ಒಂದು ವ್ಯವಹಾರದ ಎಲ್ಲ ಹೆಜ್ಜೆಗಳೂ ನೆರವೇರಬೇಕು, ಇಲ್ಲವೇ ಒಂದೂ ನೆರವೇರದಂತೆ ಹಿಂದಕ್ಕೆ ಹೋಗಬೇಕು ಎಂಬುದು ಅದರ ತಿರುಳು. ಜಿಮ್ ಗ್ರೇ 1981ರ ತನ್ನ ಪ್ರಬಂಧದಲ್ಲಿ ಇದರ ಗುಣಗಳನ್ನೂ ಮಿತಿಗಳನ್ನೂ ವಿವರಿಸಿದನು. ಅಂಚೆಯ ನಿಯಮ ಬೇರೆಯೇ. ಜಾನ್ ಪೋಸ್ಟಲ್ 1982ರಲ್ಲಿ ದಾಖಲಿಸಿದ ಎಸ್‌ಎಂಟಿಪಿ, ಅಂದರೆ ಯಂತ್ರದಿಂದ ಯಂತ್ರಕ್ಕೆ ಪತ್ರ ದಾಟಿಸುವ ಒಪ್ಪಂದದ ಪ್ರಕಾರ, ಕಳುಹಿಸುವ ಯಂತ್ರವು ಪತ್ರದ ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೀ ಚುಕ್ಕೆಯನ್ನಿಡುತ್ತದೆ, ಪಡೆಯುವ ಯಂತ್ರ 250 ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತದೆ, ಆ ಗಳಿಗೆಗೆ ಪತ್ರದ ಹೊಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಹೋದ ಪತ್ರವನ್ನು ಹಿಂದಕ್ಕೆ ಕರೆಯುವ ಉಪಾಯ ಅಲ್ಲಿಲ್ಲ. ವಹಿಯಲ್ಲಿ ಬರೆದದ್ದನ್ನು ಹೊಡೆದುಹಾಕಬಹುದು, ಪೆಟ್ಟಿಗೆಗೆ ಬಿದ್ದ ಕಾಗದವನ್ನು ಹಿಂದೆಗೆದುಕೊಳ್ಳಲಾಗದು. ಈ ಎರಡು ಸ್ವಭಾವಗಳನ್ನು ಹೊಂದಿಸುವುದರಲ್ಲೇ ಮುಂದಿನ ಐದು ದಶಕಗಳ ತೊಂದರೆಗಳೆಲ್ಲ ಅಡಗಿದ್ದವು.

ಕಚೇರಿಯ ಕಾರ್ಯಸರಣಿಯನ್ನು ಯಂತ್ರಕ್ಕೆ ವಹಿಸಬಹುದೆಂಬ ಆಲೋಚನೆ ಆ ಹೊತ್ತಿಗಾಗಲೇ ಮೂಡಿತ್ತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯಲ್ಲಿ ಮೈಕೆಲ್ ಜಿಸ್ಮನ್ 1977ರಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧ ಇದೇ ವಿಷಯವನ್ನು ಕುರಿತದ್ದು. ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿಯೂ ಅದೇ ದಶಕದಲ್ಲಿ ಇಂಥ ಪ್ರಯೋಗ ನಡೆಯಿತು. ಇವು ವಿದ್ವತ್ತಿನ ದೃಷ್ಟಿಯಿಂದ ಮುಖ್ಯವಾದರೂ ದಿನನಿತ್ಯದ ಬಳಕೆಯ ದಾರಿ ತೆರೆದದ್ದು ಬೇರೆ ಕಡೆಯಿಂದ, ಅದೂ ಅಷ್ಟೇನೂ ಉದ್ದೇಶವಿಲ್ಲದೆ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಬರೆದ, ಅಂಚೆ ದಾಟಿಸುವ ಸೆಂಡ್‌ಮೇಲ್ ಎಂಬ ತಂತ್ರಾಂಶ 1983ರಿಂದ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಅಲ್ಲಿನ ಆವೃತ್ತಿಯೊಡನೆ ಹಂಚಿಕೆಯಾಗತೊಡಗಿತು. ವಿಳಾಸಗಳ ಪರ್ಯಾಯ ಹೆಸರುಗಳನ್ನು ಪಟ್ಟಿಮಾಡುವ ಒಂದು ಸಣ್ಣ ಕಡತ ಅದರ ಜೊತೆಗಿರುತ್ತಿತ್ತು. ಆ ಕಡತದಲ್ಲಿ ಒಂದು ಹೆಸರಿನ ಎದುರು ವ್ಯಕ್ತಿಯ ವಿಳಾಸಕ್ಕೆ ಬದಲಾಗಿ ಒಂದು ಲಂಬಗೆರೆಯನ್ನೂ ಅದರ ಮುಂದೆ ತಂತ್ರಾಂಶವೊಂದರ ಹೆಸರನ್ನೂ ಬರೆದರೆ, ಆ ವಿಳಾಸಕ್ಕೆ ಬಂದ ಪ್ರತಿಯೊಂದು ಪತ್ರವೂ ಮನುಷ್ಯನ ಪೆಟ್ಟಿಗೆಗೆ ಹೋಗದೆ ಆ ತಂತ್ರಾಂಶದ ಬಾಯಿಗೆ ಹೋಗುತ್ತಿತ್ತು. ಅಂಚೆ ವಿಳಾಸದ ಹಿಂದೆ ಓದುವ ಮನುಷ್ಯನೇ ಇರಬೇಕಾಗಿಲ್ಲ ಎಂಬ ಸಂಗತಿ ಆ ಒಂದು ಗೆರೆಯಿಂದ ಸ್ಥಾಪಿತವಾಯಿತು. ಪತ್ರ ಪಡೆದ ತಂತ್ರಾಂಶವು ಕೆಲಸ ಮುಗಿಸಿದಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗಬೇಕಿತ್ತು: ಸೊನ್ನೆಯೆಂದರೆ ಕೆಲಸವಾಯಿತು, 75 ಎಂದರೆ ಈಗ ಆಗಲಿಲ್ಲ, ಮತ್ತೆ ಪ್ರಯತ್ನಿಸಿ ಎಂದು. ಡೇಟಾಬೇಸ್ ಮಲಗಿದ್ದ ಹೊತ್ತಿನಲ್ಲಿ ಪತ್ರ ಬಂದರೆ ತಂತ್ರಾಂಶ 75 ಎಂದು ಹೇಳಿ ಹೊರಡುತ್ತಿತ್ತು, ಸೆಂಡ್‌ಮೇಲ್ ಆ ಪತ್ರವನ್ನು ಸರದಿಯಲ್ಲಿಟ್ಟುಕೊಂಡು ಆಮೇಲೆ ಮತ್ತೆ ಒಪ್ಪಿಸುತ್ತಿತ್ತು. ಇಂದಿನ ದುಬಾರಿ ತಂತ್ರಾಂಶಗಳು ಮರುಪ್ರಯತ್ನವೆಂದು ಜಾಹೀರು ಮಾಡಿಕೊಳ್ಳುವ ಸೌಲಭ್ಯದ ಮೂಲ ಈ ಎರಡಂಕಿಯ ಸಂಖ್ಯೆಯಲ್ಲಿದೆ.

ಆಲ್ಮನ್‌ನದೇ ಇನ್ನೊಂದು ಕೃತಿ ವೆಕೇಷನ್ ಎಂಬ ಪುಟ್ಟ ತಂತ್ರಾಂಶ. ರಜೆಯ ಮೇಲೆ ಹೋದವರ ಪರವಾಗಿ, ತಾವು ಊರಿನಲ್ಲಿಲ್ಲ ಎಂಬ ಉತ್ತರವನ್ನು ಕಳುಹಿಸುವುದು ಅದರ ಕೆಲಸ. ನೋಡಲು ಸರಳವಾದ ಈ ಕೆಲಸದಲ್ಲಿ ಒಂದು ತೊಡಕಿತ್ತು: ಒಬ್ಬನೇ ದಿನಕ್ಕೆ ಹತ್ತು ಪತ್ರ ಬರೆದರೆ ಅವನಿಗೆ ಹತ್ತು ಸಲ ಅದೇ ಉತ್ತರ ಹೋಗುತ್ತದೆ, ಇಬ್ಬರೂ ರಜೆಯಲ್ಲಿದ್ದರೆ ಎರಡು ಯಂತ್ರಗಳು ಕೊನೆಯಿಲ್ಲದೆ ಪರಸ್ಪರ ಉತ್ತರಿಸುತ್ತ ಕೂರುತ್ತವೆ. ಇದನ್ನು ತಪ್ಪಿಸಲು ವೆಕೇಷನ್, ಯಾರಿಗೆ ಯಾವಾಗ ಉತ್ತರಿಸಿದೆ ಎಂಬುದನ್ನು ಬಳಕೆದಾರನ ಕೋಶದಲ್ಲಿಯೇ ಒಂದು ಚಿಕ್ಕ ಡೇಟಾಬೇಸಿನಲ್ಲಿ ಬರೆದಿಟ್ಟುಕೊಂಡು, ಬೇರೆ ಸೂಚನೆ ಇಲ್ಲದಿದ್ದರೆ ಒಂದು ವಾರದೊಳಗೆ ಅದೇ ವ್ಯಕ್ತಿಗೆ ಮತ್ತೆ ಉತ್ತರಿಸುತ್ತಿರಲಿಲ್ಲ. ಪತ್ರ ಬಂತು, ವಹಿಯನ್ನು ನೋಡಿತು, ತೀರ್ಮಾನಿಸಿತು, ಉತ್ತರ ಬರೆಯಿತು, ವಹಿಯಲ್ಲಿ ಗುರುತುಹಾಕಿತು: ಕಾರ್ಯಸರಣಿಯ ಅಂಗಗಳೆಲ್ಲ ಇಲ್ಲಿ ಇವೆ. ಈ ಕಸುಬಿನ ಚರಿತ್ರೆ ಬರೆಯುವವರು ದೊಡ್ಡ ಕಂಪನಿಗಳ ದೊಡ್ಡ ಉತ್ಪನ್ನಗಳಿಂದ ಆರಂಭಿಸುವುದುಂಟಾದರೂ, ಆ ಗೌರವ ಸಲ್ಲಬೇಕಾದುದು ರಜೆಯ ಚೀಟಿ ಬರೆಯುತ್ತಿದ್ದ ಈ ತಂತ್ರಾಂಶಕ್ಕೆ.

ಒಂದೇ ಪತ್ರ ಎರಡೆರಡು ಸಲ ಬರುವ ಪೀಡೆ ಅಂಚೆಯ ಒಪ್ಪಂದದಲ್ಲೇ ಇತ್ತು. ಕ್ರೇಗ್ ಪಾರ್ಟ್ರಿಜ್ 1988ರಲ್ಲಿ ಬರೆದ ಟಿಪ್ಪಣಿಯೊಂದು ಅದರ ಕಾರಣವನ್ನು ಬಿಡಿಸಿ ತೋರಿಸುತ್ತದೆ. ಪತ್ರದ ಕೊನೆಯ ಚುಕ್ಕೆಯನ್ನು ಪಡೆದ ಯಂತ್ರ ಕೂಡಲೇ 250 ಎನ್ನದೆ ಒಳಗಿನ ವಿಲೇವಾರಿಗೆ ತೊಡಗಿದರೆ, ಕಾದು ಬೇಸತ್ತ ಕಳುಹಿಸುವ ಯಂತ್ರ ಪತ್ರ ತಲುಪಲಿಲ್ಲವೆಂದು ಬಗೆದು ಇನ್ನೊಮ್ಮೆ ಕಳುಹಿಸುತ್ತದೆ. ಮೊದಲನೆಯದೂ ತಲುಪಿರುತ್ತದೆ, ಎರಡನೆಯದೂ ತಲುಪುತ್ತದೆ. ಮೊದಲು ಸ್ವೀಕೃತಿ ಕೊಡಬೇಕು, ವಿಲೇವಾರಿ ಆಮೇಲೆ ಎಂಬುದು ಆತನ ಸಲಹೆ. ಮನುಷ್ಯನ ಕೈಗೆ ಎರಡು ಪ್ರತಿ ಬಂದರೆ ಒಂದನ್ನು ಅಳಿಸಿ ಸುಮ್ಮನಾಗುತ್ತಾನೆ, ಆದರೆ ಪತ್ರವನ್ನು ಓದಿ ಬೇಡಿಕೆಯನ್ನು ದಾಖಲಿಸುವ ತಂತ್ರಾಂಶಕ್ಕೆ ಎರಡು ಪ್ರತಿಯೆಂದರೆ ಎರಡು ಬೇಡಿಕೆ. 1990ರ ಸುಮಾರಿಗೆ ಜರ್ಮನಿಯ ಆಖೆನ್‌ನಲ್ಲಿ ಸ್ಟೀಫನ್ ವಾನ್ ಡೆನ್ ಬರ್ಗ್ ಬರೆದ, ಬಂದ ಪತ್ರಗಳನ್ನು ವಿಂಗಡಿಸುವ ಪ್ರೋಕ್‌ಮೇಲ್ ಎಂಬ ತಂತ್ರಾಂಶ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಸೂತ್ರಗಳನ್ನು ರೆಸಿಪಿ, ಅಂದರೆ ಪಾಕವಿಧಾನ, ಎಂದೇ ಕರೆಯುತ್ತಿದ್ದರು: ಮೊದಲ ಸಾಲಿನಲ್ಲಿ ಕೋಲನ್ ಮತ್ತು ಸೊನ್ನೆ, ಎರಡನೆಯ ಸಾಲಿನಲ್ಲಿ ನಕ್ಷತ್ರ ಚಿಹ್ನೆಯ ಮುಂದೆ ಪತ್ರ ಹೇಗಿರಬೇಕೆಂಬ ಷರತ್ತು, ಮೂರನೆಯದರಲ್ಲಿ ಅದನ್ನು ಏನು ಮಾಡಬೇಕೆಂಬ ಆಜ್ಞೆ. ಸೊನ್ನೆಯ ಮುಂದೆ ಇನ್ನೊಂದು ಕೋಲನ್ ಇಟ್ಟರೆ, ಒಂದು ಪತ್ರದ ಕೆಲಸ ಮುಗಿಯುವ ತನಕ ಇನ್ನೊಂದು ಒಳಬರದಂತೆ ಬೀಗ ಬೀಳುತ್ತಿತ್ತು. ಆ ಕೋಲನ್ ಮರೆತು ಕಡತ ಕಲಸುಮೇಲೋಗರವಾದ ಮೇಲೆಯೇ ಅದರ ಅರ್ಥ ತಿಳಿದವರು ಕಡಿಮೆಯಿರಲಾರರು. ಪತ್ರದ ತಲೆಯಲ್ಲಿರುವ ಮೆಸೇಜ್-ಐಡಿ ಎಂಬ ಗುರುತನ್ನು ಬರೆದಿಟ್ಟುಕೊಂಡು, ಅದೇ ಗುರುತು ಮತ್ತೆ ಬಂದರೆ ತಡೆಯುವ ಉಪಕರಣವೂ ಅದರ ಜೊತೆಗಿತ್ತು. ಆದರೆ 1982ರ ಪತ್ರನಮೂನೆಯ ನಿಯಮದಲ್ಲಿ ಈ ಗುರುತು ಇದ್ದರೂ ಆದೀತು, ಇಲ್ಲದಿದ್ದರೂ ಆದೀತು ಎಂಬಂತಿತ್ತು.

ವಹಿಯಿಂದ ಅಂಚೆಗೆ ಹೋಗುವ ಎದುರು ದಾರಿ ಇದಕ್ಕಿಂತ ಕಠಿಣ. ನಿಗದಿತ ಹೊತ್ತಿಗೆ ಕೆಲಸಗಳನ್ನು ಎಬ್ಬಿಸುವ ಕ್ರಾನ್ ಎಂಬ ತಂತ್ರಾಂಶ 1979ರ ಯುನಿಕ್ಸ್‌ನಲ್ಲಿಯೇ ಇತ್ತು. 1992ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಓಡಿಬಿಸಿ, 1994ರಲ್ಲಿ ಟಿಮ್ ಬನ್ಸ್ ಪರ್ಲ್ ಭಾಷೆಗೆ ರೂಪಿಸಿದ ಡಿಬಿಐ ಮುಂತಾದ ಮಧ್ಯವರ್ತಿಗಳು ಬಂದ ಮೇಲೆ ಯಾವ ಕಂಪನಿಯ ಡೇಟಾಬೇಸನ್ನಾದರೂ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಮಾತನಾಡಿಸುವುದು ಸಾಧ್ಯವಾಯಿತು. ಬಾಕಿದಾರರಿಗೆ ನೆನಪೋಲೆ ಕಳುಹಿಸುವ ಒಂದು ಕೋಷ್ಟಕವಿದೆ ಎಂದಿಟ್ಟುಕೊಂಡರೆ, ಅದರಲ್ಲಿ ‘ಕಳುಹಿಸಿದೆ’ ಎಂಬ ಒಂದು ಅಂಕಣವಿರುತ್ತದೆ. ರಾತ್ರಿ 2 ಗಂಟೆಗೆ ಕ್ರಾನ್ ಎಬ್ಬಿಸಿದ ತಂತ್ರಾಂಶ ಆ ಅಂಕಣದಲ್ಲಿ ‘ಇಲ್ಲ’ ಎಂದಿರುವ ಸಾಲುಗಳನ್ನು ಒಂದೊಂದಾಗಿ ತೆಗೆದು, ಪತ್ರವನ್ನು ಸೆಂಡ್‌ಮೇಲ್‌ಗೆ ಒಪ್ಪಿಸಿ, ‘ಹೌದು’ ಎಂದು ತಿದ್ದುತ್ತದೆ. ಒಪ್ಪಿಸಿದ್ದಕ್ಕೂ ತಿದ್ದುವುದಕ್ಕೂ ನಡುವೆ ಯಂತ್ರ ನಿಂತರೆ ಮರುದಿನ ಅದೇ ಬಾಕಿದಾರನಿಗೆ ಎರಡನೆಯ ಓಲೆ ಹೋಗುತ್ತದೆ. ಮೊದಲು ತಿದ್ದಿ ಆಮೇಲೆ ಒಪ್ಪಿಸಿದರೆ, ನಡುವೆ ನಿಂತ ದಿನ ಓಲೆ ಹೋಗುವುದೇ ಇಲ್ಲ, ಹೋಗಿದೆಯೆಂದು ವಹಿ ಸಾಕ್ಷಿ ಹೇಳುತ್ತದೆ. ಎರಡು ಡೇಟಾಬೇಸುಗಳ ನಡುವೆ ಇಂಥ ಸಂಕಟವನ್ನು ಬಗೆಹರಿಸಲು ಎರಡು ಹಂತಗಳ ಒಪ್ಪಿಗೆ ಎಂಬ ವಿಧಾನವಿತ್ತು. ಎರಡೂ ಕಡೆಯವರು ಮೊದಲು ಸಿದ್ಧವೆಂದು ಮಾತುಕೊಟ್ಟು ಆಮೇಲೆ ಒಟ್ಟಿಗೆ ಬರೆಯುವ ವಿಧಾನ ಅದು. ಅಂಚೆಗೆ ಸಿದ್ಧವೆಂದು ಹೇಳಿ ಕಾಯುವ ಅಭ್ಯಾಸವಿಲ್ಲದ ಕಾರಣ ಅದು ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಕಳೆದುಹೋಗುವುದಕ್ಕಿಂತ ಎರಡು ಸಲ ಹೋಗುವುದೇ ಮೇಲೆಂದು ಬಹುಪಾಲು ಕಸುಬುದಾರರು ಮೊದಲ ಕ್ರಮವನ್ನೇ ಹಿಡಿದರು.

ಅಂಚೆಯನ್ನೂ ವಹಿಯನ್ನೂ ಒಂದೇ ಮಾಡಿಬಿಡುವ ಯತ್ನಗಳೂ ನಡೆದವು. ರೇ ಓಜಿ ಮತ್ತು ಸಂಗಡಿಗರು ರೂಪಿಸಿ 1989ರಲ್ಲಿ ಮಾರುಕಟ್ಟೆಗೆ ಬಂದ ಲೋಟಸ್ ನೋಟ್ಸ್‌ನಲ್ಲಿ ಅಂಚೆಪೆಟ್ಟಿಗೆಯೇ ಒಂದು ಡೇಟಾಬೇಸ್ ಆಗಿತ್ತು. ಆದರೆ ಆ ಕೋಟೆಯ ಹೊರಗಿನ ವಹಿಗಳೊಡನೆ ವ್ಯವಹರಿಸುವಾಗ ಹಳೆಯ ತೊಂದರೆಗಳೇ ಎದುರಾಗುತ್ತಿದ್ದವು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್‌ನೊಡನೆ ಮೊದಲು ಕಟ್ಟಲು ಹೊರಟಿದ್ದು ಜಾಲದ ಮೇಲಿನ ಒಂದು ಖಾಸಗಿ ಡೇಟಾಬೇಸನ್ನು. ಕೆಲಸದ ಸ್ಥಳದಲ್ಲಿ ಯಜಮಾನರ ಕಣ್ಣಿಗೆ ಬೀಳದೆ ಪರಸ್ಪರ ಪತ್ರ ಬರೆಯಲು ದಾರಿ ಹುಡುಕುತ್ತ 1996ರ ಜುಲೈ 4ರಂದು ಅವರು ಹೊರತಂದದ್ದು ಹಾಟ್‌ಮೇಲನ್ನು. ವಹಿಯ ಯೋಜನೆಯಿಂದ ಅಂಚೆ ಹುಟ್ಟಿದ ಅಪರೂಪದ ಪ್ರಸಂಗವಿದು.

2007ರಲ್ಲಿ ಜೆಫ್ ಲಿಂಡ್ಸೆ ವೆಬ್‌ಹುಕ್ ಎಂಬ ಹೆಸರನ್ನು ಬಳಕೆಗೆ ತಂದನು. ಏನಾದರೂ ಆಗಿದೆಯೇ ಎಂದು ಮತ್ತೆ ಮತ್ತೆ ಹೋಗಿ ಕೇಳುವ ಬದಲು, ಆದ ಕೂಡಲೇ ನಿಗದಿತ ಜಾಲವಿಳಾಸವೊಂದಕ್ಕೆ ಸುದ್ದಿ ಮುಟ್ಟಿಸುವ ಕ್ರಮವಿದು. 2009ರಲ್ಲಿ ಆರಂಭವಾದ ಸೆಂಡ್‌ಗ್ರಿಡ್‌ನಂಥ ಅಂಚೆಸೇವೆಗಳು ಪತ್ರ ತಲುಪಿತು, ಹಿಂದಿರುಗಿತು, ತೆರೆಯಲ್ಪಟ್ಟಿತು ಎಂಬ ವರದಿಗಳನ್ನು ಈ ದಾರಿಯಲ್ಲೇ ಗ್ರಾಹಕರ ಡೇಟಾಬೇಸಿಗೆ ಕಳುಹಿಸತೊಡಗಿದವು. ಇಲ್ಲಿಯೂ ಸ್ವೀಕೃತಿ ತಡವಾದರೆ ಸುದ್ದಿ ಮತ್ತೆ ಬರುತ್ತದೆ, ಆದ್ದರಿಂದ ಮೊದಲು ಸ್ವೀಕೃತಿ ಕೊಟ್ಟು ಆಮೇಲೆ ವಿಲೇವಾರಿ ಮಾಡಬೇಕೆಂಬ ಪಾರ್ಟ್ರಿಜ್‌ನ ಸಲಹೆಯನ್ನೇ ಎರಡು ದಶಕಗಳ ನಂತರದ ತರುಣರು ಹೊಸದಾಗಿ ಕಂಡುಕೊಳ್ಳಬೇಕಾಯಿತು.

ಪ್ರೋಗ್ರಾಮಿಂಗ್ ಬಾರದವರೂ ಇಂಥ ಕೊಂಡಿಗಳನ್ನು ಹಾಕುವ ಸಾಧನಗಳು ಬಂದದ್ದು ಇದರ ಬೆನ್ನಿಗೆ: 2010ರ ಕೊನೆಯಲ್ಲಿ ಪ್ರಕಟವಾದ ಇಫ್ಟ್, 2011ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಹುಟ್ಟಿದ ಜೇಪಿಯರ್, 2019ರಲ್ಲಿ ಬರ್ಲಿನ್‌ನಿಂದ ಬಂದ, ಸ್ವಂತ ಸರ್ವರ್‌ನಲ್ಲಿಯೇ ನಡೆಸಬಹುದಾದ ಎನ್‌ಎಯ್ಟ್‌ಎನ್. ಇವುಗಳಲ್ಲಿ ಕಾರ್ಯಸರಣಿಯನ್ನು ಆರಂಭಿಸುವ ಘಟನೆಗೆ ಟ್ರಿಗರ್ ಎಂದೂ, ಅದರ ಫಲವಾಗಿ ನಡೆಯುವ ಕೆಲಸಕ್ಕೆ ಆ್ಯಕ್ಷನ್ ಎಂದೂ ಹೆಸರು. ಅಂಚೆಯ ಪಾಸ್‌ವರ್ಡನ್ನು ಬರೆದುಕೊಡುವ ಬದಲು ಸೀಮಿತ ಅನುಮತಿಯನ್ನಷ್ಟೇ ಕೊಡುವ ಓಆಥ್ ಪದ್ಧತಿ 2012ರಲ್ಲಿ ಎರಡನೆಯ ಆವೃತ್ತಿಗೆ ಬಂದು ನೆಲೆಯೂರಿತು. 2022ರಲ್ಲಿ ಗೂಗಲ್ ಮತ್ತು ಮೈಕ್ರೋಸಾಫ್ಟ್ ಬರೀ ಪಾಸ್‌ವರ್ಡಿನ ಪ್ರವೇಶವನ್ನು ಬಹುಮಟ್ಟಿಗೆ ಮುಚ್ಚಿದಾಗ, ಬರೆದವರು ಬಿಟ್ಟುಹೋದ ಮೇಲೂ ಮೂಲೆಯಲ್ಲಿ ದುಡಿಯುತ್ತಿದ್ದ ಹಳೆಯ ತಂತ್ರಾಂಶಗಳಿಗೆ ಅಂಚೆಪೆಟ್ಟಿಗೆಯ ಬಾಗಿಲು ತೆರೆಯದಾಯಿತು.

ಈ ಸಾಧನಗಳ ಪರದೆಯ ಮೇಲೆ ಬಣ್ಣದ ಚೌಕಗಳೂ ಅವನ್ನು ಕೂಡಿಸುವ ಗೆರೆಗಳೂ ಕಾಣುತ್ತವೆ. ಒಳಗೆ ನಡೆಯುವುದನ್ನು ಆಲ್ಮನ್ ನೋಡಿದರೆ ಕೂಡಲೇ ಗುರುತಿಸಬಲ್ಲನು. ಜೇಪಿಯರ್‌ನ ಉಚಿತ ಖಾತೆ 15 ನಿಮಿಷಕ್ಕೊಮ್ಮೆ ಹೋಗಿ ಹೊಸ ಸಾಲುಗಳಿವೆಯೇ ಎಂದು ನೋಡಿ, ತಾನು ಈಗಾಗಲೇ ಕಂಡ ಗುರುತುಗಳ ಪಟ್ಟಿಯೊಡನೆ ಹೋಲಿಸಿ, ಪಟ್ಟಿಯಲ್ಲಿಲ್ಲದ್ದನ್ನು ಮಾತ್ರ ಹೊಸತೆಂದು ಎಣಿಸುತ್ತದೆ. ಎನ್‌ಎಯ್ಟ್‌ಎನ್ ಬಳಸಿ ಪತ್ರಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ತುಂಬುವ ಅನುಭವಸ್ಥರು ಕೋಷ್ಟಕದಲ್ಲಿ ಮೆಸೇಜ್-ಐಡಿಗೆಂದು ಒಂದು ಅಂಕಣವನ್ನಿಟ್ಟು, ಅಲ್ಲಿ ಒಂದೇ ಗುರುತು ಎರಡು ಸಲ ಬರಕೂಡದೆಂಬ ನಿರ್ಬಂಧ ಹಾಕುತ್ತಾರೆ. ಇದ್ದರೆ ಏನೂ ಮಾಡಬೇಡ ಎಂಬ ಆಜ್ಞೆಯೊಂದನ್ನು ಆ ಡೇಟಾಬೇಸಿಗೆ 2016ರ ಜನವರಿಯಲ್ಲಿ ಬಂದ 9.5ನೆಯ ಆವೃತ್ತಿ ಕಲಿಸಿತು. ಅದೇ ಪತ್ರ ಎರಡನೆಯ ಸಲ ಬಂದರೆ, ಆವಕ ವಹಿಯಲ್ಲಿ ಹಿಂದಿನ ಸಂಖ್ಯೆಯನ್ನು ಕಂಡ ಗುಮಾಸ್ತನಂತೆ, ಅದು ಪತ್ರವನ್ನು ಬದಿಗೆ ಸರಿಸಿ ಮುಂದಿನದಕ್ಕೆ ಕೈಚಾಚುತ್ತದೆ.