ಬೂದಿ, ಅಂಟುವಾಳ ಮತ್ತು ಒಗೆಯುವ ಕಲ್ಲು

ಬಿಜೂರು ಮೊದಲಾದ ಕರಾವಳಿಯ ಗ್ರಾಮಗಳಲ್ಲಿ, ಸಾಬೂನು ಇನ್ನೂ ನಿತ್ಯೋಪಯೋಗಿ ವಸ್ತುವಾಗದಿದ್ದ ಕಾಲದಲ್ಲಿ, ವಸ್ತ್ರಶುದ್ಧಿಯು ಬಚ್ಚಲೊಲೆಯ ಬೂದಿಯಿಂದಲೇ ಆರಂಭವಾಗುತ್ತಿದ್ದಿತು. ಬೂದಿಯನ್ನು ನೀರಿನಲ್ಲಿ ಕದಡಿ, ಮೇಲೆ ನಿಂತ ತಿಳಿಯನ್ನು ಬಸಿದು, ಮಾಸಿದ ಬಟ್ಟೆಗಳನ್ನು ಅದರಲ್ಲಿ ಬೇಯಿಸಿದಾಗ, ಬೂದಿಯಲ್ಲಡಗಿದ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವು ಎಣ್ಣೆಯ ಜಿಡ್ಡನ್ನೂ ಬೆವರಿನ ಕೊಳೆಯನ್ನೂ ಸಡಿಲಿಸುತ್ತಿದ್ದಿತು. ರೇಷ್ಮೆಗೆ ಈ ತೀಕ್ಷ್ಣತೆ ಸಲ್ಲದು. ಅದಕ್ಕೆ ನೆನೆಸಿ ಕಿವುಚಿದ ಅಂಟುವಾಳದ ಸಿಪ್ಪೆಯ ಮೃದುವಾದ ನೊರೆಯೇ ಹಿತ. ತರುವಾಯ ತೋಡಿನ ದಂಡೆಯ ಅಥವಾ ಬಾವಿಕಟ್ಟೆಯ ಬದಿಯ ಕಲ್ಲಿಗೆ ಬಡಿದು, ಹಿಂಡಿ, ಹತ್ತಿಯ ಪಂಚೆಗಾದರೆ ಗಂಜಿಯ ತಿಳಿಯನ್ನೂ ಹಾಕಿ, ಬಿಸಿಲಿಗೆ ಹರವುತ್ತಿದ್ದರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೆಲ್ಲಿಯದು? ಒಲೆಯ ಮೇಲಣ ಬಿದಿರಿನ ಗಳುವಿನಲ್ಲಿ ಆರಿದ ಬಟ್ಟೆಗೆ ಹೊಗೆಯ ವಾಸನೆ ಅಂಟಿಯೇ ಇರುತ್ತಿದ್ದಿತು.

ಬಟ್ಟೆ ಒಗೆಯುವ ಆ ಕಲ್ಲಿನ ನುಣುಪು ಮನೆಯ ಹೆಂಗಸರ ತೋಳುಗಳ ಶ್ರಮದಿಂದ ಬಂದುದು. ಊರಿನ ಮಡಿವಾಳರನ್ನು ಇಲ್ಲಿ ನೆನೆಯದಿರುವುದು ಅನ್ಯಾಯವಾದೀತು: ಜನನ-ಮರಣಗಳ ಅಮೆ-ಸೂತಕಗಳು ಕಳೆಯುವ ದಿನ ಅವರು ತಂದಿತ್ತ ಮಡಿವಸ್ತ್ರವಿಲ್ಲದೆ ಮನೆಗೆ ಶುದ್ಧಿಯಿರಲಿಲ್ಲ, ಆ ಸೇವೆಗೆ ಪ್ರತಿಫಲವು ಬಹುಮಟ್ಟಿಗೆ ಸುಗ್ಗಿಯಲ್ಲಿ ಅಳೆದುಕೊಟ್ಟ ಭತ್ತವಾಗಿದ್ದಿತು.